ಬೆಸುಗೆಗೆ ಕಂಬಳಿ ಹೊದಿಸುವುದೇಕೆ?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ನಮ್ಮ ಹೊಲದಲ್ಲಿ ಗ್ಯಾಸ್ ಪೈಪ್‌ಲೈನ್ ಹಾದುಹೋಯಿತು. ವೆಲ್ಡಿಂಗಿಗೆ ಮೊದಲು ಪೈಪಿನ ತುದಿಗೆ ಬೆಂಕಿ ಹಿಡಿದು ಕಾಯಿಸುತ್ತಿದ್ದರು. ಮುಗಿದ ಮೇಲೆ ಬೆಸುಗೆಯ ಸುತ್ತ ಬಿಳಿ ಕಂಬಳಿಯಂಥದ್ದನ್ನು ಸುತ್ತುತ್ತಿದ್ದರು. ಊರಲ್ಲಿ ಗೇಟು, ಗ್ರಿಲ್ ಮಾಡುವವರು ಹೀಗೇನೂ ಮಾಡುವುದಿಲ್ಲ. ಇದೇಕೆ? ಈಗ ಆ ಜಾಗದಲ್ಲಿ ತೆಂಗು ನೆಡಬಹುದೆ?
— ರೈತ ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ನೀವು ಕಂಡದ್ದು ಮಹಾರಾಷ್ಟ್ರದ ದಾಭೋಳದಿಂದ 2013ರಲ್ಲಿ ಬೆಂಗಳೂರು ಮುಟ್ಟಿದ ಲೈನ್ ಇರಬೇಕು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕಮ್ಮಾರನ ಕುಲುಮೆಯಲ್ಲೇ ಇದೆ. ಕುಡುಗೋಲನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಅಲಗು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಹದ ತಪ್ಪಿದರೆ ಚಟ್ಟನೆ ಮುರಿಯುತ್ತದೆ. ಪೈಪಿನ ಬೆಸುಗೆಗೆ ನೀರು ಹಾಕುವವರು ಯಾರೂ ಇಲ್ಲ. ಆದರೆ ಸುತ್ತಲಿನ ದಪ್ಪ, ತಣ್ಣನೆಯ ಉಕ್ಕೇ ನೀರಿನ ಕೆಲಸ ಮಾಡಿಬಿಡುತ್ತದೆ. ಬೆಸುಗೆಯ ಶಾಖವನ್ನು ಸರ್ರನೆ ಹೀರಿ, ಬೇಡದ ಕಡೆ ಕುಡುಗೋಲಿನ ಗಡಸುತನ ತಂದಿಡುತ್ತದೆ. ಮೊದಲೇ ಕಾಯಿಸಿದ್ದರೆ, ಮೇಲೆ ಹೊದಿಸಿದ್ದರೆ, ಅದು ನಿಧಾನವಾಗಿ ಆರುತ್ತದೆ. ಗೇಟಿನ ಸರಳು ತೆಳು, ಸಾಧಾರಣ ಕಬ್ಬಿಣ. ಅದಕ್ಕೆ ಈ ಉಪಚಾರ ಬೇಡ.

ಇನ್ನರ್ಧ ಉತ್ತರ ಕಣ್ಣಿಗೆ ಕಾಣದ್ದು: ಹೈಡ್ರೋಜನ್. ರಾಡಿನ ಲೇಪದಲ್ಲಿ, ಪೈಪಿನ ತುಕ್ಕಿನಲ್ಲಿ, ಬೆಳಗಿನ ಇಬ್ಬನಿಯಲ್ಲಿ ಇರುವ ತೇವ ವೆಲ್ಡಿಂಗ್‌ನ ಕಿಡಿಯಲ್ಲಿ ಒಡೆದು ಹೈಡ್ರೋಜನ್ ಆಗಿ ಕರಗಿದ ಲೋಹದೊಳಗೆ ಸೇರುತ್ತದೆ. ಲೋಹ ಗಟ್ಟಿಯಾದ ಮೇಲೆ ಅದಕ್ಕೆ ಜಾಗ ಸಾಲದು. ಗಡುಸಾದ ಉಕ್ಕು, ಒಳಗೆ ಎಳೆತ, ಮೇಲೆ ಹೈಡ್ರೋಜನ್: ಈ ಮೂರೂ ಕೂಡಿದರೆ ಬಿರುಕು. ಇದರ ಕೆಟ್ಟ ಗುಣವೆಂದರೆ ತಡವಾಗಿ ಬರುವುದು. ಸಂಜೆ ನೋಡಿದಾಗ ನುಣ್ಣಗಿದ್ದ ಬೆಸುಗೆ ಮರುದಿನ ಒಳಗೊಳಗೇ ಸೀಳಿರಬಹುದು. ಅದಕ್ಕೇ ಅನುಮಾನವಿದ್ದ ಕಡೆ ಒಂದೆರಡು ದಿನ ಬಿಟ್ಟು ಪರೀಕ್ಷಿಸುತ್ತಾರೆ. ಕಾಯಿಸುವುದರಿಂದ ತೇವವೂ ಆರುತ್ತದೆ, ಬಿಸಿಯಿದ್ದಷ್ಟು ಹೊತ್ತು ಹೈಡ್ರೋಜನ್ ಹೊರಗೆ ಜಾರಿಕೊಳ್ಳುತ್ತದೆ. ಕಂಬಳಿ ಹಾಕುವುದು ಅದಕ್ಕೆ ಬಾಗಿಲು ತೆರೆದಿಡಲು ಎನ್ನಿ.

ಅಷ್ಟೆಲ್ಲ ಕಷ್ಟವಿದ್ದರೆ ಮೆದು ಉಕ್ಕನ್ನೇ ಬಳಸಬಾರದೇಕೆ? ಲೆಕ್ಕ ನೋಡಿ. 36 ಇಂಚಿನ ಪೈಪಿನಲ್ಲಿ 100 ಬಾರ್ ಒತ್ತಡ ತಡೆಯಲು ಎಕ್ಸ್52 ದರ್ಜೆಯ ಉಕ್ಕಾದರೆ ಸುಮಾರು 17.5 ಮಿ.ಮೀ. ದಪ್ಪ ಬೇಕು, ಎಕ್ಸ್70 ಆದರೆ 13 ಮಿ.ಮೀ. ಸಾಕು. ಕಿಲೋಮೀಟರಿಗೆ ಸುಮಾರು ನೂರು ಟನ್ ಉಳಿತಾಯ. ಎಕ್ಸ್ ಪಕ್ಕದ ಅಂಕಿ, ಉಕ್ಕು ಹಿಗ್ಗಿಹೋಗದೆ ತಾಳುವ ಬಲ: ಎಕ್ಸ್70 ಎಂದರೆ ಚದರ ಇಂಚಿಗೆ 70 ಸಾವಿರ ಪೌಂಡ್. ಚೀನಾದ ಎರಡನೇ ಪಶ್ಚಿಮ-ಪೂರ್ವ ಲೈನಿನಲ್ಲಿ ಎಕ್ಸ್80 ಹಾಕಿದ್ದಾರೆ.

ಈ ಬಲ ಬಂದದ್ದು ಇಂಗಾಲ ಸುರಿದಲ್ಲ. ಇಂಗಾಲ ಶೇ. 0.1ಕ್ಕಿಂತ ಕಡಿಮೆ, ಚಿಟಿಕೆ ನಿಯೋಬಿಯಂ ಬೆರೆಸಿ, ಶಾಖವನ್ನು ಅಳೆದು ತೂಗಿ ಲಟ್ಟಿಸಿ, ಲೋಹದ ಹರಳುಗಳನ್ನು ಸಣ್ಣಗೆ ಮಾಡಿರುತ್ತಾರೆ. ಹಾಗಾಗಿ ಹಳೆಯ ಉಕ್ಕಿಗಿಂತ ಇದಕ್ಕೆ ಬೆಸುಗೆ ಹಾಕುವುದು ಒಂದು ಲೆಕ್ಕದಲ್ಲಿ ಸುಲಭವೇ. ಆದರೆ ಬಿರುಕಿನ ಭಯ ಪೈಪಿನಿಂದ ಬೆಸುಗೆಗೆ ವರ್ಗವಾಯಿತು! ಪೈಪಿನಷ್ಟೇ ಬಲ ಬೇಕೆಂದು ರಾಡಿನ ಲೋಹಕ್ಕೆ ಬೇರೆ ಬೇರೆ ಧಾತು ಸೇರಿಸಬೇಕು, ಅಲ್ಲಿ ಗಡಸುತನ. ಇತ್ತ ಶಾಖ ಅತಿಯಾದರೆ ಪಕ್ಕದ ಹರಳುಗಳು ದಪ್ಪಗಾಗಿ ಕಾರ್ಖಾನೆಯ ಶ್ರಮವೆಲ್ಲ ನೀರುಪಾಲು. ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಅದಕ್ಕೇ ಬಳಪದಂಥ ಕಡ್ಡಿಯಿಂದ ಪೈಪಿನ ಮೇಲೆ ಗೀಚಿ ನೋಡುತ್ತಾರೆ. ನಿಗದಿತ ಶಾಖ ಬಂದಿದ್ದರೆ ಗೀಟು ಕರಗುತ್ತದೆ.

ಪೈಪ್‌ಲೈನಿನವರಿಗೆ ಬಹುಕಾಲದಿಂದ ಇಷ್ಟವಾದದ್ದು ಸೆಲ್ಯುಲೋಸ್ ಲೇಪದ ರಾಡ್. ಮೇಲಿನಿಂದ ಕೆಳಕ್ಕೆ ಸರಸರ ಇಳಿಯಬಹುದು, ಬುಡದವರೆಗೂ ಬೇಯುತ್ತದೆ. ಹೈಡ್ರೋಜನ್ ತುಂಬುವುದೂ ಅದೇ. ಬಲದ ಉಕ್ಕಿಗೆ ಒಲೆಯಲ್ಲಿ ಹುರಿದಿಟ್ಟ, ಹೈಡ್ರೋಜನ್ ಕಡಿಮೆಯ ರಾಡುಗಳೋ ಯಂತ್ರದ ವೆಲ್ಡಿಂಗೋ ವಾಸಿ. ವೇಗಕ್ಕಾಗಿ ಹಳೆಯ ರಾಡನ್ನೇ ಹಿಡಿದುಕೊಳ್ಳುವುದು ನನಗೆ ಸರಿ ಕಾಣದು.

ವೆಲ್ಡರನ ಕೈ ಚೆನ್ನಾಗಿದ್ದರೆ ಸಾಲದು, ನೋಡುವವರ ಕಣ್ಣೂ ನೆಟ್ಟಗಿರಬೇಕು. ಅಲಾಸ್ಕಾದ ಎಣ್ಣೆ ಪೈಪ್‌ಲೈನಿನಲ್ಲಿ ಬೆಸುಗೆಗಳ ಎಕ್ಸ್‌ರೇ ದಾಖಲೆಗಳಲ್ಲೇ ಮೋಸ ನಡೆದದ್ದು ಬಯಲಾಗಿ, 1976ರಲ್ಲಿ ಸುಮಾರು 4,000 ಬೆಸುಗೆಗಳು ಅನುಮಾನಕ್ಕೆ ಒಳಗಾದವು. ಹೂತ ಪೈಪನ್ನು ಮತ್ತೆ ಅಗೆದು ನೋಡಬೇಕಾಯಿತು. ಎಣ್ಣೆ ಹರಿದದ್ದು 1977ರ ಜೂನ್‌ನಲ್ಲಿ.

ತೆಂಗಿನ ವಿಷಯ. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಆ ಪಟ್ಟಿಯ ಭೂಮಿ ನಿಮ್ಮದೇ, ಆದರೆ ಅಲ್ಲಿ ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಶೇಂಗಾ, ರಾಗಿ ಬೆಳೆದುಕೊಳ್ಳಿ. ಜೆಸಿಬಿ ತರಿಸುವ ಮುಂಚೆ ಮಾತ್ರ ಗುರುತಿನ ಕಂಬದ ಮೇಲಿರುವ ಸಂಖ್ಯೆಗೆ ಫೋನ್ ಮಾಡಿ.