ಮೊದಲ ಸ್ಟೇಜಿಗೆ ಯಾವ ಬ್ಲೂಸ್?

ಹೊಸದಾಗಿ ಗಿಟಾರ್ ಹೇಳಿಕೊಡಲು ಕೂತವರಿಗೆಲ್ಲ ಒಂದು ಚಪಲ ಇರುತ್ತದೆ ಕಣಮ್ಮ. ಶಿಷ್ಯ ಸ್ಟೇಜ್ ಹತ್ತಿದ ದಿನ ಕೇಳುವವರು ಹುಬ್ಬೇರಿಸಬೇಕು, "ಯಾರ ಹತ್ತಿರ ಕಲೀತಿದ್ದೀಯಪ್ಪಾ?" ಅಂತ ವಿಚಾರಿಸಬೇಕು. ಆ ಆಸೆಯಿಂದ ಆರಿಸಿದ ಟ್ಯೂನು ಟೀಚರಿಗೆ ಒಪ್ಪುತ್ತದೆ, ಹುಡುಗ ಒದ್ದಾಡುತ್ತಾನೆ. ಜಾಝ್ ಬ್ಲೂಸ್ ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಹೆಡ್ ನುಡಿಸುವಾಗ ಇವನ ಕಿವಿಗೆ ಬಿಡುವು ಇರುತ್ತದೆಯೇ? ಹನ್ನೆರಡು ಬಾರ್‌ಗಳ ಆವರ್ತ ಒಳಗೆ ಓಡುತ್ತಿರಬೇಕು, ಬಾಸ್ ಎಲ್ಲಿದೆ ಗೊತ್ತಿರಬೇಕು. ಬೆರಳಿಗೇ ಗಮನವೆಲ್ಲ ಸುರಿದು ಹೆಡ್ ಮುಗಿಸಿದವನಿಗೆ ಸೋಲೋ ಬರುವಷ್ಟರಲ್ಲಿ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

1945ರ ನವೆಂಬರ್ 26ರಂದು ಚಾರ್ಲಿ ಪಾರ್ಕರ್ ಸವಾಯ್ ಕಂಪನಿಗೆ 'ಬಿಲ್ಲೀಸ್ ಬೌನ್ಸ್' ಮತ್ತು 'ನೌಸ್ ದ ಟೈಮ್' ಎರಡನ್ನೂ ರೆಕಾರ್ಡ್ ಮಾಡಿದ. ಎರಡೂ ಎಫ್‌ನಲ್ಲಿರುವ ಬ್ಲೂಸ್. ಮೊದಲನೆಯದರಲ್ಲಿ ಒಂದೊಂದು ತುಣುಕೂ ತಾಳದ ಬೇರೆ ಬೇರೆ ಜಾಗದಿಂದ ಎದ್ದುಬರುತ್ತದೆ, ಎಲ್ಲಿ ಏಳುತ್ತದೆಂದು ಊಹೆಗೆ ಸಿಕ್ಕುವುದಿಲ್ಲ. ಎರಡನೆಯದು ಒಂದು ಸಣ್ಣ ರಿಫ್, ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತದೆ. ಅಂದು ಟ್ರಂಪೆಟ್ ಹಿಡಿದಿದ್ದ ಮೈಲ್ಸ್ ಡೇವಿಸ್‌ಗೆ 19 ವರ್ಷ. ಈ ಎರಡನ್ನೂ ನುಡಿಸಿದ ಮೈಲ್ಸ್, ಅದೇ ದಿನದ ಅತಿ ವೇಗದ 'ಕೋ-ಕೋ'ಗೆ ಮಾತ್ರ ಕೈ ಹಾಕಲಿಲ್ಲ. ಅದರಲ್ಲಿ ಟ್ರಂಪೆಟ್ ನುಡಿಸಿದ್ದು ಡಿಜ್ಜಿ ಗಿಲೆಸ್ಪಿ. ಮೈಲ್ಸ್ ಅಂಥವನೇ ಬಿಟ್ಟುಕೊಟ್ಟಿದ್ದಾನೆ, ನಿನ್ನ ಹುಡುಗ ಒಂದು ವರ್ಷ ಕಾದರೆ ಏನೂ ನಷ್ಟವಿಲ್ಲ.

ತೀರಾ ಎಳೆಯ ಶಿಷ್ಯನಾದರೆ ಡ್ಯೂಕ್ ಎಲಿಂಗ್ಟನ್‌ನ 'ಸಿ ಜಾಮ್ ಬ್ಲೂಸ್' ಇದೆ. ಹೆಡ್‌ನಲ್ಲಿರುವುದು ಎರಡೇ ಸ್ವರ: ಪ, ಮೇಲಿನ ಸ. ಸುಲಭ ಅಂತ ಅಸಡ್ಡೆ ಮಾಡಬೇಡ. ಸ್ವರ ಎರಡೇ ಆದಾಗ ಮುಚ್ಚಿಕೊಳ್ಳಲು ಜಾಗವೇ ಇಲ್ಲ, ಸ್ವಿಂಗ್ ಇಲ್ಲದವನು ಮೊದಲ ನಾಲ್ಕು ಬಾರ್‌ಗಳಲ್ಲೇ ಸಿಕ್ಕಿಬೀಳುತ್ತಾನೆ. ಸನ್ನಿ ರೋಲಿನ್ಸ್‌ನ 'ಸನ್ನಿಮೂನ್ ಫಾರ್ ಟೂ', ಮಿಲ್ಟ್ ಜ್ಯಾಕ್ಸನ್‌ನ 'ಬ್ಯಾಗ್ಸ್ ಗ್ರೂವ್' ಕೂಡ ಇದೇ ಸಾಲಿನವು. ನಾಲ್ಕು ಬಾರ್‌ಗಳ ಒಂದೇ ಮಾತನ್ನು ಮೂರು ಸಲ ಹೇಳುತ್ತವೆ, ಕೆಳಗಿನ ಕಾರ್ಡ್ ಮಾತ್ರ ಬದಲಾಗುತ್ತಿರುತ್ತದೆ. ಆವರ್ತ ಎಲ್ಲಿಗೆ ಬಂತು ಎಂಬುದು ಇಂಥವುಗಳಲ್ಲಿ ತಾನಾಗಿಯೇ ಕಿವಿಗೆ ಹತ್ತುತ್ತದೆ. ಮಾಂಕ್‌ನ 'ಬ್ಲೂ ಮಾಂಕ್' ಅದರ ಮುಂದಿನದು. ಅರ್ಧರ್ಧ ಸ್ವರವಾಗಿ ಏರುವ ಆ ಸಾಲನ್ನು ಆತುರಪಡದೆ ನುಡಿಸುವುದೇ ಒಂದು ಪರೀಕ್ಷೆ.

ಕೀ ಬಗ್ಗೆ ಒಂದು ಮಾತು. ರಾಕ್ ನುಡಿಸಿ ಬಂದ ಮಕ್ಕಳ ಕೈ ಇ ಮತ್ತು ಎ ಬಿಟ್ಟು ಕದಲುವುದಿಲ್ಲ. ಜಾಝ್‌ನಲ್ಲಿ ಸ್ಯಾಕ್ಸೊಫೋನ್, ಟ್ರಂಪೆಟ್‌ನವರ ಅನುಕೂಲಕ್ಕೆ ಎಫ್ ಮತ್ತು ಬಿ ಫ್ಲಾಟ್ ಹೆಚ್ಚು. ಹೆದರಿಸಬೇಡ, ಎರಡು ತಂತಿ ತೋರಿಸು ಸಾಕು. ನಾಲ್ಕನೇ ತಂತಿಯ ಒಂದನೇ ಫ್ರೆಟ್, ಮೂರನೇ ತಂತಿಯ ಎರಡನೇ ಫ್ರೆಟ್: ಇದು ಎಫ್ ಸೆವೆಂತ್‌ನ ಜೀವಾಳ. ಎರಡೂ ಬೆರಳನ್ನು ಒಂದು ಮನೆ ಹಿಂದಕ್ಕೆ ತಂದರೆ ನಾಲ್ಕನೇ ತಂತಿ ಖಾಲಿಯಾಗಿ ಬಿ ಫ್ಲಾಟ್ ಸೆವೆಂತ್ ಆಯಿತು. ಎಫ್‌ನಿಂದ ಒಂದು ಮನೆ ಮುಂದಕ್ಕೆ ಹೋದರೆ ಸಿ ಸೆವೆಂತ್. ಬುಡದ ಸ್ವರ ಬಾಸ್‌ನವನು ನೋಡಿಕೊಳ್ಳುತ್ತಾನೆ. ಈ ಮೂರೇ ಜಾಗಗಳಲ್ಲಿ ಇಡೀ ಬ್ಲೂಸ್‌ಗೆ ಕಾಂಪಿಂಗ್ ಮಾಡಬಹುದು. ಇಷ್ಟನ್ನು ತಪ್ಪದೆ ಮಾಡುವವನಿಗೆ ಮಾತ್ರ ನಾನು ಸೋಲೋ ಕೊಡುತ್ತೇನೆ.

ಗಿಟಾರ್‌ನವರದೇ ರೆಕಾರ್ಡುಗಳನ್ನು ಮರೆಯಬೇಡ. ಕೆನಿ ಬರೆಲ್‌ನ 1963ರ 'ಮಿಡ್‌ನೈಟ್ ಬ್ಲೂ' ಆಲ್ಬಮ್‌ನಲ್ಲಿ ಪಿಯಾನೊ ಇಲ್ಲ. ಟೆನರ್ ಸ್ಯಾಕ್ಸ್, ಬಾಸ್, ಡ್ರಮ್ಸ್, ಕಾಂಗಾ, ಜೊತೆಗೆ ಬರೆಲ್‌ನ ಗಿಟಾರ್. ಹಾಗಾಗಿ ಗಿಟಾರ್ ಎಲ್ಲಿ ಮಾತಾಡಿತು, ಎಲ್ಲಿ ಸುಮ್ಮನಾಯಿತು ಅನ್ನುವುದು ನಿಚ್ಚಳವಾಗಿ ಕೇಳುತ್ತದೆ. ಅದರ ಮೊದಲ ಟ್ಯೂನು 'ಚಿಟ್ಲಿನ್ಸ್ ಕಾನ್ ಕಾರ್ನೆ'. ವೆಸ್ ಮಾಂಟ್ಗೊಮರಿಯ 1960ರ 'ಡಿ ನ್ಯಾಚುರಲ್ ಬ್ಲೂಸ್' ಕೂಡ ಅವಸರವಿಲ್ಲದ್ದು. ಆದರೆ ಅದೇ ಆಲ್ಬಮ್‌ನ 'ವೆಸ್ಟ್ ಕೋಸ್ಟ್ ಬ್ಲೂಸ್' ಹೆಸರು ನೋಡಿ ಮೋಸಹೋಗಬೇಡ. ಮೂರರ ನಡೆ, ಮೇಲಿಂದ ಮೇಲೆ ಬದಲಾಗುವ ಕಾರ್ಡುಗಳು. ಪಳಗಿದ ಕೈಯನ್ನೂ ಬೆವರಿಳಿಸುತ್ತದೆ.

ಮೈನರ್ ಬೇಕೆಂದರೆ ಕೋಲ್ಟ್ರೇನ್‌ನ 'ಈಕ್ವಿನಾಕ್ಸ್' ಇದೆ, ನಿಧಾನದ್ದು. 'ಮಿಸ್ಟರ್ ಪಿ.ಸಿ.' ಈಗ ಬೇಡ, ಆ ಓಟಕ್ಕೆ ಡ್ರಮ್ಮರ್ ಕೂಡ ಸಿಗಬೇಕಲ್ಲ. 'ಫ್ರೆಡ್ಡಿ ಫ್ರೀಲೋಡರ್' ಕೊಟ್ಟರೆ ಹನ್ನೊಂದನೇ ಬಾರ್‌ಗೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕು: ಬಿ ಫ್ಲಾಟ್‌ಗೆ ಮರಳಬೇಕಾದ ಜಾಗದಲ್ಲಿ ಅದು ಎ ಫ್ಲಾಟ್‌ಗೆ ಇಳಿಯುತ್ತದೆ.

ಟ್ಯೂನು ಗೊತ್ತುಮಾಡುವ ಮುಂಚೆ ಹುಡುಗನ ಕೈಯಿಂದ ಗಿಟಾರ್ ಇಸಿದುಕೊಂಡು ಹೆಡ್ ಅನ್ನು ಬಾಯಲ್ಲಿ ಹಾಡಿಸು, ಎರಡು ಮತ್ತು ನಾಲ್ಕನೇ ಎಣಿಕೆಗೆ ಚಪ್ಪಾಳೆ ಹಾಕಿಸುತ್ತಾ. ಸಮಕ್ಕೆ ಕೈ ಬೀಳಿಸಿ ರೂಢಿಯಾದ ನಮ್ಮ ಮಕ್ಕಳಿಗೆ ಮೊದಮೊದಲು ಇದು ತಕರಾರೇ. ಹಾಡಲು ಬಾರದ ಹೆಡ್ ಸ್ಟೇಜಿನ ಮೇಲೆ ಕೈಗೂ ಬರುವುದಿಲ್ಲ. ಸೋಲೋದಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕೆಂದೂ ಹೇಳಿಕೊಡು: ನುಡಿಸುವುದನ್ನು ನಿಲ್ಲಿಸಿ, ಐದನೇ ಬಾರ್‌ಗೆ ನಾಲ್ಕನೇ ಕಾರ್ಡ್ ಬರುವುದನ್ನು ಕೇಳಿಸಿಕೊಂಡು ಅಲ್ಲಿ ಸೇರಿಕೊಳ್ಳಬೇಕು. ಎರಡು ಕೋರಸ್ ಸೋಲೋ ಸಾಕು. ಎಣಿಕೆ ಕೊಟ್ಟು ಶುರುಮಾಡುವುದನ್ನು, ಕೊನೆಯ ನಾಲ್ಕು ಬಾರ್‌ಗಳನ್ನು ಮೂರು ಸಲ ನುಡಿಸಿ ನಿಲ್ಲಿಸುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸು. ಕಾರ್ಯಕ್ರಮಗಳು ಕೆಡುವುದು ಹೆಚ್ಚಾಗಿ ಈ ಎರಡು ತುದಿಗಳಲ್ಲೇ.

ನಿನ್ನ ಹುಡುಗ ರಾಕ್‌ನಿಂದ ಬಂದವನು ಅಂದೆಯಲ್ಲ, ಅವನಿಗೆ 'ಚಿಟ್ಲಿನ್ಸ್' ಕೊಡು. ಸಿ ಮೈನರ್ ಪೆಂಟಾಟಾನಿಕ್ ಅವನಿಗೆ ಹೇಗೂ ಬರುತ್ತದೆ. ಸ್ಟೀವಿ ರೇ ವಾನ್ ನುಡಿಸಿದ್ದೂ ಇದೆ, ಅವನು ತೀರಿಕೊಂಡ ಮೇಲೆ 1991ರಲ್ಲಿ ಹೊರಬಂತು. ಅದನ್ನು ಕೇಳಿಸಿದರೆ ಹುಡುಗ ತಕರಾರಿಲ್ಲದೆ ಒಪ್ಪುತ್ತಾನೆ, ಆಮೇಲೆ ಬರೆಲ್‌ನದನ್ನು ಕೇಳಿಸು. ಬಾಸ್ ನುಡಿಸುವವರನ್ನು ಮಾತ್ರ ಈ ವಾರವೇ ಗೊತ್ತುಮಾಡಿಕೋ.