ಸಹಜ ಹೆರಿಗೆ: ಅವಸರವಿಲ್ಲದ ಆರೈಕೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ಅನೇಕರಿಗೆ ರಾತ್ರಿ ಹೊತ್ತಿನಲ್ಲಿ ಇಂತಹ ಕರೆ ಬಂದಿರುತ್ತದೆ. ವಾರ್ಡಿನ ಹೆಣ್ಣುಮಗಳೊಬ್ಬಳು ಹೆರಿಗೆಗೆ ದಾಖಲಾಗಿರುತ್ತಾಳೆ. ನೋವು ಆರಂಭವಾಗಿ ಆರೇಳು ಗಂಟೆ ಕಳೆದಿರುತ್ತದೆ. ಮನೆಯವರು ಕಂಗಾಲಾಗಿ, “ಡಾಕ್ಟರಿಗೆ ಒಂದು ಮಾತು ಹೇಳಿ, ಆಪರೇಷನ್ ಮಾಡಿ ಮುಗಿಸಲಿ” ಎಂದು ಕೋರುತ್ತಾರೆ. ಸದಸ್ಯರು ಆ ಕ್ಷಣದಲ್ಲಿ ಏನು ಉತ್ತರಿಸಬೇಕು ಎಂಬುದನ್ನು ತಿಳಿಯಲು ಹೆರಿಗೆ ಎಂಬ ಕ್ರಿಯೆ ಹೇಗೆ ನಡೆಯುತ್ತದೆ ಎಂಬ ಅರಿವು ಬೇಕಾಗುತ್ತದೆ. ಆ ಅರಿವನ್ನು ಮೂಡಿಸುವುದೂ, ಈ ವಿಷಯದಲ್ಲಿ ಪಂಚಾಯಿತಿಯ ಪಾತ್ರವನ್ನು ಸ್ಪಷ್ಟಪಡಿಸುವುದೂ ಈ ಪಾಠದ ಉದ್ದೇಶವಾಗಿದೆ.

1. ನಡೆದು ಬಂದ ದಾರಿ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು; ಅದೇ ವರ್ಷ ಡಿಸೆಂಬರ್ 25ರಂದು ಅವರು ನಿಧನರಾದರು. ಅವರಂತಹ ಸೂಲಗಿತ್ತಿಯರ ಬಳಿ ಯಂತ್ರೋಪಕರಣಗಳಿರಲಿಲ್ಲ. ಬಸುರಿಯ ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವುದು, ಹೊತ್ತು ಬರುವವರೆಗೆ ಕಾಯುವುದು ಅವರ ವಿದ್ಯೆಯ ಬಹುಭಾಗವಾಗಿತ್ತು.

ಆದರೆ ರಕ್ತಸ್ರಾವ, ನಂಜು, ಅತಿಯಾದ ರಕ್ತದೊತ್ತಡ ಎದುರಾದಾಗ ಮನೆಯ ಹೆರಿಗೆಯಲ್ಲಿ ತಾಯಿಯನ್ನು ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಹೆರಿಗೆಗಳು ಆಸ್ಪತ್ರೆಗೆ ಸ್ಥಳಾಂತರಗೊಂಡದ್ದು ಈ ಕಾರಣದಿಂದಲೇ. 2004-06ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಮರಣ ಹೊಂದುತ್ತಿದ್ದರು. 2018-20ರ ಅವಧಿಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಈ ಸಾಧನೆಯಿಂದ ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ.

ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ರಾಜ್ಯದಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಆಗುವ ಹೆರಿಗೆಗಳ ಪ್ರಮಾಣ ನಾಲ್ಕನೆಯ ಸಮೀಕ್ಷೆಯಲ್ಲಿ (2015-16) ಶೇ. 23.6 ಇದ್ದು, ಐದನೆಯದರಲ್ಲಿ ಶೇ. 31.5ಕ್ಕೆ ಏರಿದೆ. ದೇಶದ ಮಟ್ಟದಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3 ಶಸ್ತ್ರಚಿಕಿತ್ಸೆಯಿಂದ ಆದರೆ, ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ. 47.4 ಆಗಿದೆ. ಶಸ್ತ್ರಚಿಕಿತ್ಸೆಯ ಪ್ರಮಾಣ ಜನಸಂಖ್ಯೆಯ ಮಟ್ಟದಲ್ಲಿ ಶೇ. 10ನ್ನು ಮೀರಿ ಹೆಚ್ಚಿದರೂ ಅದರಿಂದ ತಾಯಿ ಮತ್ತು ಶಿಶು ಮರಣಗಳು ಮತ್ತಷ್ಟು ಇಳಿಯುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿತು. ಹಾಗಾಗಿ ಇಂದಿನ ಪ್ರಶ್ನೆ ಮನೆಯೋ ಆಸ್ಪತ್ರೆಯೋ ಎಂಬುದಲ್ಲ. ಆಸ್ಪತ್ರೆಯ ಸುರಕ್ಷತೆಯೊಳಗೆ ಸೂಲಗಿತ್ತಿಯ ತಾಳ್ಮೆಗೆ ಸ್ಥಳವಿದೆಯೇ ಎಂಬುದು.

2. ಸಹಜ ಹೆರಿಗೆ ಎಂದರೇನು

ನೋವು ತಾನಾಗಿಯೇ ಆರಂಭವಾಗಿ, ತನ್ನದೇ ಗತಿಯಲ್ಲಿ ಸಾಗಿ, ಅಗತ್ಯವಿಲ್ಲದ ಔಷಧ ಅಥವಾ ಕೊಯ್ತವಿಲ್ಲದೆ ಮಗು ಜನಿಸುವುದನ್ನು ಸಹಜ ಹೆರಿಗೆ ಎನ್ನಬಹುದು. ತರಬೇತಿ ಪಡೆದ ಶುಶ್ರೂಷಕಿ ಅಥವಾ ವೈದ್ಯರು ತಾಯಿಯ ರಕ್ತದೊತ್ತಡವನ್ನೂ ಮಗುವಿನ ಎದೆಬಡಿತವನ್ನೂ ಆಗಾಗ ಪರೀಕ್ಷಿಸುತ್ತಿರುತ್ತಾರೆ; ಆದರೆ ಎಲ್ಲವೂ ಸರಿಯಾಗಿರುವಾಗ ಅವಸರಪಡಿಸುವುದಿಲ್ಲ. ನಿಗಾ ಇರುತ್ತದೆ, ಅಡಚಣೆ ಇರುವುದಿಲ್ಲ.

ಸದಸ್ಯರಿಗೆ ಪರಿಚಿತವಾದ ಒಂದು ಹೋಲಿಕೆಯನ್ನು ಇಲ್ಲಿ ನೆನೆಯಬಹುದು. ಕಾಂಕ್ರೀಟ್ ರಸ್ತೆಗೆ ನೀರುಣಿಸಿ ಕಾಯುವ ದಿನಗಳು ವ್ಯರ್ಥ ದಿನಗಳಲ್ಲ. ರಸ್ತೆ ಗಟ್ಟಿಯಾಗುವುದು ಆ ದಿನಗಳಲ್ಲಿಯೇ. ಹೆರಿಗೆಯಲ್ಲಿಯೂ ಕಾಯುವಿಕೆ ಎಂಬುದು ಕೆಲಸದ ಒಂದು ಭಾಗ.

3. ದೇಹವು ಕೆಲಸ ಮಾಡುವ ಬಗೆ

ಹೆರಿಗೆಯ ನೋವನ್ನು ನಡೆಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಇದು ಮೆದುಳಿನಿಂದ ಸ್ರವಿಸಿ ಗರ್ಭಕೋಶವನ್ನು ಸಂಕುಚಿಸುತ್ತದೆ. ತಾಯಿ ಭಯಪಟ್ಟಾಗ, ಅಪರಿಚಿತರು ಸುತ್ತ ಓಡಾಡುವಾಗ, ಗದರಿಕೆಯ ಮಾತು ಕೇಳಿದಾಗ ಅಡ್ರಿನಲಿನ್ ಎಂಬ ಮತ್ತೊಂದು ಹಾರ್ಮೋನು ಏರುತ್ತದೆ. ಅದು ನೋವಿನ ಗತಿಯನ್ನು ಕುಗ್ಗಿಸಬಲ್ಲದು. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಆಸ್ಪತ್ರೆಗೆ ಬಂದೊಡನೆ ನಿಂತುಹೋಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಮಬ್ಬು ಬೆಳಕು, ಪರದೆ, ಮೃದುವಾದ ಮಾತು ಮತ್ತು ಆಪ್ತರ ಸಾಮೀಪ್ಯ ಐಷಾರಾಮದ ವಸ್ತುಗಳಲ್ಲ. ದೇಹದ ಕೆಲಸಕ್ಕೆ ಅವು ನೆರವಾಗುತ್ತವೆ.

ಸಮಯದ ಬಗೆಗೂ ತಿಳಿವಳಿಕೆ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ನಂತರವೇ ತೀವ್ರ ನೋವಿನ ಹಂತ ಆರಂಭವಾಗುತ್ತದೆ. ಅದಕ್ಕೆ ಮುಂಚಿನ ಹಂತ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುತ್ತದೆ. ತೀವ್ರ ಹಂತವು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಯವರೆಗೂ, ನಂತರದ ಹೆರಿಗೆಗಳಲ್ಲಿ 10 ಗಂಟೆಯವರೆಗೂ ನಡೆಯಬಹುದು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲಿಲ್ಲವೆಂಬ ಒಂದೇ ಕಾರಣಕ್ಕೆ ಔಷಧ ಅಥವಾ ಶಸ್ತ್ರಚಿಕಿತ್ಸೆಗೆ ಮುಂದಾಗಬಾರದೆಂದು ಮಾರ್ಗದರ್ಶಿ ತಿಳಿಸುತ್ತದೆ. ಆರೇಳು ಗಂಟೆಯ ನೋವಿಗೆ ಗಾಬರಿಯಾಗುವ ಕುಟುಂಬಗಳಿಗೆ ಈ ಮಾತನ್ನು ಮೊದಲೇ ತಿಳಿಸಿರಬೇಕು.

4. ತಾಯಿಗೆ ಆಗುವ ಪ್ರಯೋಜನಗಳು

ಸಹಜವಾಗಿ ಹೆತ್ತ ತಾಯಿ ಬೇಗನೆ ಎದ್ದು ಓಡಾಡುತ್ತಾಳೆ. ಶಸ್ತ್ರಚಿಕಿತ್ಸೆಯ ಗಾಯ, ಅದರ ಸೋಂಕು ಮತ್ತು ಅರಿವಳಿಕೆಯ ತೊಂದರೆಗಳ ಭಯವಿರುವುದಿಲ್ಲ. ಮುಂದಿನ ಬಸಿರಿನ ಮೇಲೆ ಆಗುವ ಪರಿಣಾಮ ಇನ್ನೂ ಮುಖ್ಯವಾದುದು. ಒಮ್ಮೆ ಗರ್ಭಕೋಶವನ್ನು ಕೊಯ್ದಲ್ಲಿ ಮುಂದಿನ ಗರ್ಭದಲ್ಲಿ ಮಾಸು ಹಳೆಯ ಗಾಯದ ಮೇಲೆ ಅಂಟಿಕೊಳ್ಳುವ ಅಪಾಯವಿದ್ದು, ಪ್ರತಿ ಶಸ್ತ್ರಚಿಕಿತ್ಸೆಯೊಂದಿಗೆ ಅದು ಹೆಚ್ಚುತ್ತದೆ. ಅಂತಹ ಸಂದರ್ಭದಲ್ಲಿ ಭಾರಿ ರಕ್ತಸ್ರಾವವಾಗಬಹುದು. ಬಾಣಂತನ ಮುಗಿದೊಡನೆ ಕೂಲಿಗೋ ಹೊಲಕ್ಕೋ ಹೋಗಬೇಕಾದ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹೆರಿಗೆಯ ವೇಳೆ ಓಡಾಡಲು, ಕುಳಿತುಕೊಳ್ಳಲು, ತನಗೆ ಹಿತವೆನಿಸಿದ ಭಂಗಿಯಲ್ಲಿರಲು ತಾಯಿಗೆ ಅವಕಾಶವಿರಬೇಕು. ತೊಂದರೆಯ ಲಕ್ಷಣಗಳಿಲ್ಲದಿದ್ದಲ್ಲಿ ನೀರು ಮತ್ತು ಲಘು ಆಹಾರ ನೀಡಬಹುದು. ಎಲ್ಲರಿಗೂ ಎನಿಮಾ ಕೊಡುವುದು, ಎಲ್ಲರಿಗೂ ಯೋನಿದ್ವಾರ ಕೊಯ್ದು ಹೊಲಿಗೆ ಹಾಕುವುದು, ಹೊಟ್ಟೆಯನ್ನು ಒತ್ತಿ ಮಗುವನ್ನು ಹೊರದೂಡುವುದು ಇವುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ.

ಆದರೆ ಮಗು ಜನಿಸಿದ ಕೂಡಲೇ ತಾಯಿಗೆ ರಕ್ತಸ್ರಾವ ತಡೆಯುವ ಇಂಜೆಕ್ಷನ್ ಕೊಡುವುದು ಎಲ್ಲ ಹೆರಿಗೆಗಳಲ್ಲಿಯೂ ಅಗತ್ಯ. ಸಹಜ ಹೆರಿಗೆಯ ಹೆಸರಿನಲ್ಲಿ ಇದನ್ನು ನಿರಾಕರಿಸಬಾರದು.

5. ಮಗುವಿಗೆ ಆಗುವ ಪ್ರಯೋಜನಗಳು

ನೋವಿನ ಅವಧಿಯಲ್ಲಿ ಮಗುವಿನ ದೇಹದಲ್ಲಿಯೂ ಹಾರ್ಮೋನುಗಳು ಏರಿ ಶ್ವಾಸಕೋಶದ ನೀರು ಹೀರಿಹೋಗಲು ನೆರವಾಗುತ್ತವೆ. ನೋವು ಆರಂಭವಾಗುವ ಮೊದಲೇ ಶಸ್ತ್ರಚಿಕಿತ್ಸೆಯಿಂದ ಹೊರಬಂದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚಾಗಿ ಕಾಣಿಸುವುದು ಇದರಿಂದಲೇ. ಒಳ್ಳೆಯ ನಕ್ಷತ್ರ, ಒಳ್ಳೆಯ ಮುಹೂರ್ತ ನೋಡಿ ದಿನ ಗೊತ್ತುಮಾಡಿ ಶಸ್ತ್ರಚಿಕಿತ್ಸೆ ಮಾಡಿಸುವ ಕುಟುಂಬಗಳಿಗೆ ಈ ಅಂಶವನ್ನು ಮನವರಿಕೆ ಮಾಡಬೇಕು.

ಮಗು ಜನಿಸಿದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿದು, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ದೊರೆಯುತ್ತದೆ. ಐದನೆಯ ಸಮೀಕ್ಷೆಯಂತೆ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಯಾವ ವೆಚ್ಚವೂ ಇಲ್ಲದ ಈ ಮೂರು ನಿಮಿಷದ ತಾಳ್ಮೆಯ ಬೆಲೆ ಇದರಿಂದ ತಿಳಿಯುತ್ತದೆ.

ನಂತರ ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಹೊದಿಸಬೇಕು. ಮಗು ಬೆಚ್ಚಗಿರುತ್ತದೆ, ತಾನಾಗಿಯೇ ಮೊಲೆಯನ್ನು ಹುಡುಕುತ್ತದೆ. ಮೊದಲ ಗಂಟೆಯೊಳಗೆ ದೊರೆಯುವ ಗಟ್ಟಿ ಹಳದಿ ಹಾಲು ರೋಗನಿರೋಧಕ ಶಕ್ತಿ ನೀಡುತ್ತದೆ. ಐದನೆಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ ಶೇ. 41.8ರಷ್ಟು ಮಕ್ಕಳಿಗೆ ಮಾತ್ರ ಈ ಮೊದಲ ಗಂಟೆಯ ಹಾಲು ದೊರೆತಿತ್ತು. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವ ಪದ್ಧತಿಯನ್ನು ಕೈಬಿಡುವಂತೆ ತಿಳಿಹೇಳಬೇಕು.

6. ಕಾಯಬಾರದ ಸಂದರ್ಭಗಳು

ಶಸ್ತ್ರಚಿಕಿತ್ಸೆ ಜೀವ ಉಳಿಸುವ ಸಾಧನ. ಅಗತ್ಯವಿದ್ದಾಗ ಅದನ್ನು ತಡೆಯುವುದು, ಅಗತ್ಯವಿಲ್ಲದಾಗ ಒತ್ತಾಯಿಸುವುದಕ್ಕಿಂತ ದೊಡ್ಡ ಅಪರಾಧ. ಈ ಕೆಳಗಿನ ಲಕ್ಷಣಗಳಲ್ಲಿ ಯಾವುದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು:

• ಹೆರಿಗೆಗೆ ಮುಂಚೆ ರಕ್ತಸ್ರಾವ, ಅಥವಾ ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ
• ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್
• ಮಗುವಿನ ಚಲನೆ ಕಡಿಮೆಯಾಗುವುದು
• ನೀರೊಡೆದರೂ ನೋವು ಬಾರದಿರುವುದು, ಅಥವಾ ಹಸಿರು ಬಣ್ಣದ ನೀರು ಹೋಗುವುದು
• ಜ್ವರ, ಅಥವಾ ತಿಂಗಳು ತುಂಬುವ ಮುನ್ನವೇ ನೋವು
• ಮಗುವಿನ ಕೈ, ಕಾಲು ಅಥವಾ ಹೊಕ್ಕುಳಬಳ್ಳಿ ಮೊದಲು ಕಾಣಿಸುವುದು

7. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಅ) ಪ್ರತಿ ಗರ್ಭಿಣಿಗೆ ತಾಯಿ ಕಾರ್ಡ್ ದೊರೆತಿರುವುದನ್ನೂ, ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಆಕೆ ಹೋಗುತ್ತಿರುವುದನ್ನೂ ಆಶಾ ಕಾರ್ಯಕರ್ತೆಯರ ಮೂಲಕ ಖಚಿತಪಡಿಸಿಕೊಳ್ಳುವುದು.

ಆ) ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆಗೆ ಹೆರಿಗೆಯ ಅನುಭವವುಳ್ಳ ಹೆಣ್ಣು ಸಂಬಂಧಿಯೊಬ್ಬರು ಇರಲು ಕೇಂದ್ರ ಸರ್ಕಾರ 2016ರಲ್ಲಿ ಅವಕಾಶ ಕಲ್ಪಿಸಿದೆ. ನಿರಂತರವಾಗಿ ಜೊತೆಗಾರರಿದ್ದಲ್ಲಿ ಹೆರಿಗೆಯ ಅವಧಿಯೂ ಶಸ್ತ್ರಚಿಕಿತ್ಸೆಯ ಸಂಭವವೂ ಕಡಿಮೆಯಾಗುವುದು ಅಧ್ಯಯನಗಳಿಂದ ಕಂಡುಬಂದಿದೆ. ಈ ಅವಕಾಶವನ್ನು ಮಹಿಳಾ ಗ್ರಾಮ ಸಭೆಯಲ್ಲಿ ತಿಳಿಸುವುದು.

ಇ) ಹೆರಿಗೆ ಕೋಣೆಗೆ ಪರದೆ, ನೀರು, ಶೌಚಾಲಯ, ವಿದ್ಯುತ್ ಸೌಲಭ್ಯ ಇದೆಯೇ ಎಂಬುದನ್ನು ಪರಿಶೀಲಿಸಿ, ಕೊರತೆಯನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮಂಡಿಸುವುದು.

ಈ) ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ (2011) ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ರಕ್ತ, ಊಟ ಮತ್ತು ವಾಹನ ಉಚಿತವೆಂಬುದನ್ನು ಪಂಚಾಯಿತಿ ಕಚೇರಿಯಲ್ಲಿಯೂ ಅಂಗನವಾಡಿಗಳಲ್ಲಿಯೂ ಬರೆಸುವುದು.

ಉ) ಆಂಬುಲೆನ್ಸ್ ಮನೆಯ ಬಾಗಿಲಿಗೆ ತಲುಪದ ಹಾಡಿ, ತಾಂಡಾ, ತೋಟದ ಮನೆಗಳನ್ನು ಗುರುತಿಸಿ ರಸ್ತೆ ಕಾಮಗಾರಿಗೆ ಆದ್ಯತೆ ನೀಡುವುದು. ಅಪಾಯದ ವೇಳೆ ಬೇಗ ಸಾಗಿಸುವ ದಾರಿ ಇದ್ದಲ್ಲಿ ಮಾತ್ರ ನೆಮ್ಮದಿಯಿಂದ ಕಾಯಲು ಸಾಧ್ಯ.

8. ಕರೆಗೆ ಉತ್ತರ

ಆರಂಭದಲ್ಲಿ ಹೇಳಿದ ರಾತ್ರಿಯ ಕರೆಗೆ ಈಗ ಉತ್ತರ ಸಿದ್ಧವಾಗಿದೆ. ಸದಸ್ಯರು ಶಸ್ತ್ರಚಿಕಿತ್ಸೆ ಮಾಡಿ ಎಂದೂ ಮಾಡಬೇಡಿ ಎಂದೂ ವೈದ್ಯರಿಗೆ ಹೇಳತಕ್ಕದ್ದಲ್ಲ. ಮನೆಯವರಿಂದ ಮೂರು ಸಂಗತಿಗಳನ್ನು ಕೇಳಿ ತಿಳಿಯಬೇಕು: ತಾಯಿಯ ರಕ್ತದೊತ್ತಡ ಹೇಗಿದೆ? ಮಗುವಿನ ಎದೆಬಡಿತ ಸರಿಯಾಗಿದೆಯೇ? ಆಕೆಯ ಜೊತೆ ಒಳಗೆ ಯಾರಿದ್ದಾರೆ? ಮೊದಲ ಎರಡು ಸರಿಯಿವೆ ಎಂದು ವೈದ್ಯರು ತಿಳಿಸಿದ್ದಲ್ಲಿ ಮನೆಯವರಿಗೆ ಧೈರ್ಯ ಹೇಳಿ ಕಾಯುವಂತೆ ತಿಳಿಸಬೇಕು. ಒಳಗೆ ಯಾರೂ ಇಲ್ಲವಾದಲ್ಲಿ ತಾಯಿಯನ್ನೋ ಅತ್ತೆಯನ್ನೋ ಕಳುಹಿಸಲು ಅನುಮತಿ ಕೋರಬೇಕು. ವೈದ್ಯರೇ ಶಸ್ತ್ರಚಿಕಿತ್ಸೆ ಅಗತ್ಯವೆಂದಲ್ಲಿ ಕಾರಣ ಕೇಳಿ ತಿಳಿದು, ತಡಮಾಡದೆ ಸಹಕರಿಸಬೇಕು.

ಚರ್ಚೆಗೆ ಪ್ರಶ್ನೆಗಳು

1) ತಮ್ಮ ವ್ಯಾಪ್ತಿಯ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗಾರರಿಗೆ ಅವಕಾಶ ನೀಡಲಾಗುತ್ತಿದೆಯೇ? ಇಲ್ಲವಾದಲ್ಲಿ ಅಡ್ಡಿ ಯಾವುದು?
2) ಕಳೆದ ವರ್ಷ ತಮ್ಮ ವಾರ್ಡಿನಲ್ಲಿ ಆದ ಹೆರಿಗೆಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಆದವು ಎಷ್ಟು? ಅವುಗಳ ಪೈಕಿ ಕುಟುಂಬದವರೇ ಕೋರಿದ್ದು ಎಷ್ಟು?
3) ಮಳೆಗಾಲದ ರಾತ್ರಿ ಆಂಬುಲೆನ್ಸ್ ತಲುಪಲಾಗದ ಮನೆಗಳು ತಮ್ಮ ಪಂಚಾಯಿತಿಯಲ್ಲಿ ಎಷ್ಟಿವೆ?