ಕಡಲತಡಿಯ ವ್ಯಾಟಲ್ ಗಿಡ: ನಾಮ, ಪ್ರಸಾರ, ಪ್ರಯೋಜನ

ಗಿಡಮರಗಳ ಚರಿತ್ರೆಯನ್ನು ಅರಿಯಬೇಕಾದರೆ ಅವುಗಳ ಬೇರನ್ನು ನೋಡಿದರೆ ಸಾಲದು. ಅವುಗಳ ಹೆಸರಿನ ಬೇರನ್ನೂ ನೋಡಬೇಕು. ಈ ಮಾತಿಗೆ ಒಳ್ಳೆಯ ನಿದರ್ಶನವಾಗಿ ನಿಲ್ಲುವುದು ಆಸ್ಟ್ರೇಲಿಯದ ಆಗ್ನೇಯ ಕರಾವಳಿಯ ಮರಳುದಿಣ್ಣೆಗಳ ಮೇಲೆ ಬೆಳೆಯುವ ‘ಕೋಸ್ಟ್ ವ್ಯಾಟಲ್’ ಎಂಬ ಪೊದೆಗಿಡ. ಶಾಸ್ತ್ರದಲ್ಲಿ ಇದಕ್ಕೆ ‘ಅಕೇಸಿಯಾ ಸೋಫೋರೇ’ ಎಂದು ಹೆಸರು. ಕೆಲವು ವಿದ್ವಾಂಸರು ಇದನ್ನು ಸ್ವತಂತ್ರ ಜಾತಿಯೆಂದು ಎಣಿಸದೆ, ‘ಅಕೇಸಿಯಾ ಲಾಂಗಿಫೋಲಿಯಾ’ ಎಂಬ ದೀರ್ಘಪರ್ಣದ ಜಾತಿಯ ಉಪಜಾತಿಯೆಂದು ಪರಿಗಣಿಸುತ್ತಾರೆ. ನಮ್ಮ ಬಯಲುಸೀಮೆಯ ಜಾಲಿಗೆ ಇದು ದಾಯಾದಿ. ಆದರೆ ಇದರ ಮೈಮೇಲೆ ಮುಳ್ಳಿಲ್ಲ.

ಸ್ವರೂಪ

ಈ ಗಿಡವು ಎತ್ತರಕ್ಕಿಂತ ಅಗಲಕ್ಕೆ ಹೆಚ್ಚಾಗಿ ಬೆಳೆಯುವಂಥದು. ಕಡಲಗಾಳಿಯ ಹೊಡೆತಕ್ಕೆ ನೇರವಾಗಿ ಸಿಕ್ಕುವ ಕಡೆ ನೆಲಕ್ಕೆ ಒರಗಿ ಹಬ್ಬುತ್ತದೆ; ಸ್ವಲ್ಪ ಆಸರೆಯಿರುವ ಕಡೆ ಆಳೆತ್ತರವನ್ನು ಮೀರಿ ಏಳುತ್ತದೆ. ನೋಡುವವರು ಇದರ ಎಲೆಯೆಂದು ಭಾವಿಸುವುದು ನಿಜವಾದ ಎಲೆಯಲ್ಲ. ಎಲೆಯ ತೊಟ್ಟೇ ಚಪ್ಪಟೆಯಾಗಿ ಅಗಲಿಸಿ, ಎಲೆಯ ಕೆಲಸವನ್ನು ತಾನೇ ವಹಿಸಿಕೊಂಡಿರುತ್ತದೆ. ಮೊಳಕೆಯೊಡೆದ ಸಸಿಯಲ್ಲಿ ಮೊದಲಿಗೆ ಜಾಲಿಯ ಎಲೆಯಂತೆ ಗರಿಗರಿಯಾದ ಎಲೆಗಳು ಕಾಣಿಸಿಕೊಂಡು, ಬಳಿಕ ಮರೆಯಾಗುತ್ತವೆ. ಅಂದರೆ ಗಿಡವು ತನ್ನ ವಂಶದ ಗುರುತನ್ನು ಶೈಶವದಲ್ಲಿ ತೋರಿ ಅನಂತರ ಮರೆಸುತ್ತದೆ. ದಪ್ಪನಾದ ಈ ತೊಟ್ಟೆಲೆಗಳು ಉಪ್ಪುಗಾಳಿಯನ್ನೂ ನೀರಿನ ಕೊರತೆಯನ್ನೂ ತಾಳಬಲ್ಲವು.

ಆ ದೇಶದ ಚಳಿಗಾಲವು ಕಳೆಯುತ್ತ ಬಂದಂತೆ, ಜುಲೈಯಿಂದ ಅಕ್ಟೋಬರ್‌ವರೆಗೆ, ಬೆರಳುದ್ದದ ಹಳದಿ ಹೂದೆನೆಗಳು ಗಿಡದ ತುಂಬ ಮೂಡುತ್ತವೆ. ಕಾಯಿಗಳು ಮಣಿಮಣಿಯಾಗಿ, ಬಲಿತಾಗ ಸುರುಳಿಗೊಂಡಿರುತ್ತವೆ. ಬೀಜಕ್ಕೆ ಅಂಟಿದ ಕೊಬ್ಬಿನಂಶದ ಬಿಳಿಯ ತುಣುಕನ್ನು ಬಯಸಿ ಇರುವೆಗಳು ಬೀಜವನ್ನೇ ಹೊತ್ತು ಗೂಡಿಗೆ ಒಯ್ಯುತ್ತವೆ. ಗಟ್ಟಿಯಾದ ಸಿಪ್ಪೆಯ ಆ ಬೀಜವು ಮಣ್ಣಿನೊಳಗೆ ಹಲವು ವರ್ಷ ನಿದ್ರಿಸಿದ್ದು, ಕಾಡುಕಿಚ್ಚಿನ ಕಾವು ತಾಗಿದಾಗ ಮೊಳೆಯುತ್ತದೆ.

ನಾಮವಿಚಾರ

‘ವ್ಯಾಟಲ್’ ಎಂಬುದು ಮೂಲತಃ ಗಿಡದ ಹೆಸರಲ್ಲ. ಕಡ್ಡಿಕೊಂಬೆಗಳನ್ನು ಹೆಣೆದು ಮಾಡಿದ ತಡಿಕೆಗೆ ಇಂಗ್ಲಿಷಿನಲ್ಲಿ ಆ ಹೆಸರು. 1788ರಲ್ಲಿ ಸಿಡ್ನಿಯ ಬಳಿ ನೆಲಸಿದ ಇಂಗ್ಲಿಷರು ತಮ್ಮ ಮೊದಲ ಮನೆಗಳನ್ನು ಕಟ್ಟಿದ್ದು, ನಮ್ಮ ಹಳ್ಳಿಗರಂತೆಯೇ, ತಡಿಕೆ ಕಟ್ಟಿ ಮಣ್ಣು ಮೆತ್ತಿ. ಆ ತಡಿಕೆಗೆ ಒದಗಿದ ಸಸ್ಯಗಳಿಗೆ ತಡಿಕೆಯ ಹೆಸರೇ ಅಂಟಿತು. ವಿನೋದದ ಸಂಗತಿಯೆಂದರೆ, ಆಗ ಅವರು ‘ಕರಿಯ ವ್ಯಾಟಲ್’ ಎಂದು ಕರೆದದ್ದು ‘ಕ್ಯಾಲಿಕೋಮಾ’ ಎಂಬ ಬೇರೊಂದು ಕುಲದ ಗಿಡವನ್ನು. ಕಾಲಕ್ರಮದಲ್ಲಿ ಆ ಹೆಸರು ಅಕೇಸಿಯಾಗಳಿಗೆ ಹರಿದುಬಂದು ಅವುಗಳಲ್ಲೇ ನೆಲೆನಿಂತಿತು. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಲಕ್ಷಣಾವೃತ್ತಿಯಿಂದ ಹುಟ್ಟಿ ರೂಢಿಯಾದ ಶಬ್ದ.

ಶಾಸ್ತ್ರೀಯ ನಾಮದ ಕಥೆಯೂ ಸ್ವಾರಸ್ಯವಾದುದೇ. ಕಾಣೆಯಾಗಿದ್ದ ಲಾ ಪೆರೂಸ್ ಎಂಬ ನಾವಿಕನನ್ನು ಹುಡುಕಲೆಂದು 1791ರಲ್ಲಿ ಫ್ರಾನ್ಸಿನಿಂದ ಹೊರಟ ದಾಂತ್ರಕಾಸ್ತೋವಿನ ಹಡಗುಗಳಲ್ಲಿ ಲಾಬಿಲಾರ್ದಿಯೇರ್ ಎಂಬ ಸಸ್ಯಶಾಸ್ತ್ರಜ್ಞನಿದ್ದನು. 1792 ಮತ್ತು 1793ರಲ್ಲಿ ಆ ಹಡಗುಗಳು ಟಾಸ್ಮೇನಿಯದ ತೀರದಲ್ಲಿ ತಂಗಿದ್ದವು. ಅವನ ಸಂಗ್ರಹವು ಯುದ್ಧದ ಗೊಂದಲದಲ್ಲಿ ಇಂಗ್ಲಿಷರ ವಶವಾದಾಗ, ಅದನ್ನು ಅವನಿಗೆ ಹಿಂದಿರುಗಿಸಬೇಕೆಂದು ವಾದಿಸಿ ಕೊಡಿಸಿದವನು ಶತ್ರುದೇಶದ ವಿದ್ವಾಂಸನಾದ ಜೋಸೆಫ್ ಬ್ಯಾಂಕ್ಸ್. ವಿದ್ಯೆಗೆ ಗಡಿಯಿಲ್ಲವೆಂಬುದಕ್ಕೆ ಇದೊಂದು ಮೇಲ್ಪಂಕ್ತಿ. ಲಾಬಿಲಾರ್ದಿಯೇರ್ ಈ ಗಿಡವನ್ನು ‘ಮಿಮೋಸಾ ಸೋಫೋರೇ’ ಎಂದು ವರ್ಣಿಸಿದನು. 1813ರಲ್ಲಿ ರಾಬರ್ಟ್ ಬ್ರೌನನು ಇದನ್ನು ಅಕೇಸಿಯಾ ಕುಲಕ್ಕೆ ಸೇರಿಸಿದನು. ‘ಸೋಫೋರಾ’ ಎಂಬುದು ಅರಬೀ ಮೂಲದ ಇನ್ನೊಂದು ಸಸ್ಯದ ಹೆಸರು. ಅದರ ಮಣಿಮಣಿಯಾದ ಕಾಯಿಯನ್ನು ಇದರ ಕಾಯಿ ಹೋಲುವುದರಿಂದ ಈ ವಿಶೇಷಣ ಬಂದಿತು.

ಇವೆಲ್ಲಕ್ಕೂ ಹಿಂದಿನದು ಟಾಸ್ಮೇನಿಯದ ಮೂಲನಿವಾಸಿಗಳ ನುಡಿಯಿಂದ ಬಂದ ‘ಬೂಬಿಯಾಲ’ ಎಂಬ ಹೆಸರು. ಅದು ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಕರಾವಳಿಯ ಬೇರೊಂದು ಪೊದೆಗಿಡಕ್ಕೂ ಸಲ್ಲುತ್ತದೆ.

ಇನ್ನು ‘ಅಕೇಸಿಯಾ’ ಎಂಬ ಕುಲನಾಮ. ಪ್ರಾಚೀನ ಗ್ರೀಕರು ಇದನ್ನು ಬಳಸಿದ್ದು ಈಜಿಪ್ಟಿನ ಮುಳ್ಳುಮರಕ್ಕೆ, ಎಂದರೆ ನಮ್ಮ ಕರಿಜಾಲಿಗೆ. ಆದರೆ ಈ ಕುಲದ ಸಸ್ಯಗಳೆಲ್ಲ ಒಂದೇ ವಂಶದವಲ್ಲವೆಂದು ಸಂಶೋಧನೆಯಿಂದ ತಿಳಿದುಬಂದಾಗ, ಹೆಸರು ಯಾರ ಪಾಲಿಗೆ ಎಂಬ ವ್ಯಾಜ್ಯ ಹುಟ್ಟಿತು. ಸಾವಿರದಷ್ಟು ಜಾತಿಗಳಿರುವ ಆಸ್ಟ್ರೇಲಿಯದ ಗುಂಪಿಗೇ ಅದು ಉಳಿಯಬೇಕೆಂದು 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನವು ನಿರ್ಣಯಿಸಿತು. 2011ರ ಮೆಲ್ಬರ್ನ್ ಸಮ್ಮೇಳನ ಅದನ್ನು ಎತ್ತಿಹಿಡಿಯಿತು. ಮೂಲ ಹಕ್ಕುದಾರನಾದ ಕರಿಜಾಲಿಯು ‘ವ್ಯಾಚೆಲಿಯಾ’ ಆಯಿತು. ಈ ಕುಲನಾಮವನ್ನು 1834ರಲ್ಲಿ ರಚಿಸಿದವರು ದಕ್ಷಿಣ ಭಾರತದ ಸಸ್ಯಗಳನ್ನು ಅಭ್ಯಸಿಸಿದ ವೈಟ್ ಮತ್ತು ಆರ್ನಟ್. ಶಾಸ್ತ್ರನಾಮ ಬದಲಾದರೇನು, ನಮ್ಮ ರೈತನ ಬಾಯಲ್ಲಿ ಅದು ಜಾಲಿಯಾಗಿಯೇ ಉಳಿದಿದೆ.

ಪ್ರಯೋಜನ

ಟಾಸ್ಮೇನಿಯದ ಮೂಲನಿವಾಸಿಗಳು ಇದರ ಕಾಯಿಗಳನ್ನು ಬೆಂಕಿಯಲ್ಲಿ ಸುಟ್ಟು ಒಳಗಿನ ಬೀಜವನ್ನು ತಿನ್ನುತ್ತಿದ್ದರು. ಗಿಡದ ಮುಖ್ಯ ಉಪಕಾರವು ಮರಳನ್ನು ಹಿಡಿದು ನಿಲ್ಲಿಸುವುದು. ಗಾಳಿ ತಂದು ಸುರಿದ ಮರಳಿನಲ್ಲಿ ಕೊಂಬೆ ಹೂತುಹೋದರೆ, ಹೂತಲ್ಲಿಯೇ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹೀರಿ, ಸಾರವಿಲ್ಲದ ಮರಳಿಗೆ ಸಾರವನ್ನು ಕೂಡಿಸುತ್ತವೆ. ಇದರ ಮರೆಯಲ್ಲಿ ಇತರ ಸಸ್ಯಗಳೂ ಬೇರೂರುತ್ತವೆ.

ಪ್ರಸಾರ

ಉಪಕಾರಿಯೇ ಅಪಕಾರಿಯಾದ ಬಗೆಯು ಇಲ್ಲಿ ವಿಚಾರಣೀಯ. ಕ್ವೀನ್ಸ್‌ಲೆಂಡಿನ ಆಗ್ನೇಯ ಭಾಗದಿಂದ ದಕ್ಷಿಣ ಆಸ್ಟ್ರೇಲಿಯದವರೆಗಿನ ಕಡಲತಡಿಯೂ ಟಾಸ್ಮೇನಿಯವೂ ಇದರ ತವರು. ವಿಕ್ಟೋರಿಯದ ಕೆಲವೆಡೆ ಇದು ತಡಿಯನ್ನು ದಾಟಿ ಒಳನಾಡಿನ ಕುರುಚಲು ಬಯಲುಗಳಿಗೆ ನುಗ್ಗಿ, ಅಲ್ಲಿನ ಸಣ್ಣ ಸಸ್ಯಗಳನ್ನು ಮುಚ್ಚಿಹಾಕುತ್ತಿದೆ. ಇದರ ಒಡಹುಟ್ಟಾದ ಲಾಂಗಿಫೋಲಿಯಾವನ್ನು ಪೋರ್ಚುಗಲ್ಲಿನಲ್ಲಿ ಮರಳುದಿಣ್ಣೆಗಳನ್ನು ನಿಲ್ಲಿಸಲೆಂದು ನೆಟ್ಟರು. ದಕ್ಷಿಣ ಆಫ್ರಿಕದಲ್ಲಿಯೂ ಅದನ್ನು ತಂದು ಬೆಳೆಸಿದರು. ಎರಡೂ ದೇಶಗಳಲ್ಲಿ ಅದು ಅಂಕೆಗೆ ಸಿಕ್ಕದೆ ಹಬ್ಬಿತು. ಕೊನೆಗೆ ಅದರ ತವರಿನಿಂದಲೇ ಒಂದು ಸಣ್ಣ ಕಣಜವನ್ನು ತರಿಸಿ, ದಕ್ಷಿಣ ಆಫ್ರಿಕದಲ್ಲಿ 1980ರ ದಶಕದ ಆದಿಯಲ್ಲಿಯೂ ಪೋರ್ಚುಗಲ್ಲಿನಲ್ಲಿ 2015ರಲ್ಲಿಯೂ ಬಿಡಬೇಕಾಯಿತು. ಆ ಕೀಟವು ಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ, ಮೊಗ್ಗು ಹೂವಾಗದೆ ಗಂಟಾಗುತ್ತದೆ, ಬೀಜ ಕಡಮೆಯಾಗುತ್ತದೆ.

ಇದಕ್ಕೆ ಪ್ರತಿಯಾಗಿ ನಡೆದುದೂ ಉಂಟು. ನ್ಯೂ ಸೌತ್ ವೇಲ್ಸಿನ ದಿಣ್ಣೆಗಳಲ್ಲಿ 1946ರಿಂದ 1968ರವರೆಗೆ, ತಮ್ಮದೇ ಆದ ವ್ಯಾಟಲ್ ಅಲ್ಲಿರುವಾಗಲೇ, ದಕ್ಷಿಣ ಆಫ್ರಿಕದ ‘ಬಿಟೂ’ ಎಂಬ ಪೊದೆಯನ್ನು ನೆಡಲಾಯಿತು. ಅದು ಮಿತಿಮೀರಿ ಹಬ್ಬಿ, ನೆಲದ ಮಗುವಾದ ವ್ಯಾಟಲನ್ನೇ ಒತ್ತರಿಸಿತು. ಎರಡು ದೇಶಗಳು ತಮ್ಮ ತಮ್ಮ ಗಿಡಗಳನ್ನು ಅದಲುಬದಲು ಮಾಡಿಕೊಂಡು ಇಬ್ಬರೂ ನಷ್ಟಪಟ್ಟಂತಾಯಿತು.

ಉಪಸಂಹಾರ

ಈ ಕಥೆಯು ದೂರದ್ದಾದರೂ ನಮಗೆ ಪರಕೀಯವಲ್ಲ. ಇದೇ ವಂಶದ ‘ಅಕೇಸಿಯಾ ಆರಿಕ್ಯುಲಿಫಾರ್ಮಿಸ್’ ಮರವನ್ನು ಕರ್ನಾಟಕದ ಕರಾವಳಿ ಹಾಗೂ ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ವಿಪುಲವಾಗಿ ನೆಡಲಾಗಿದೆ. ಬರಡು ದಿಬ್ಬ ಹಸಿರಾಗಿ ಬಡವರ ಒಲೆಗೆ ಸೌದೆ ಒದಗಿತು. ಅದರ ಅಡಿಯಲ್ಲಿ ಹುಲ್ಲು ಬಾರದೆಂಬ ರೈತರ ದೂರೂ ಬೆನ್ನಿಗೇ ಬಂದಿತು. ಗುಣದೋಷಗಳೆರಡನ್ನೂ ಕೂಡಿಯೇ ತೂಗಬೇಕು. ಆ ಮರದ ಬೀಜವನ್ನು ಕುಂಡದಲ್ಲಿ ಬಿತ್ತಿದರೆ, ಗರಿಯೆಲೆ ಮರೆಯಾಗಿ ತೊಟ್ಟೆಲೆ ಮೂಡುವ ಸೋಜಿಗವನ್ನು ಯಾವ ಶಾಲೆಯ ಮಕ್ಕಳಾದರೂ ಕಣ್ಣಾರೆ ಕಾಣಬಹುದು. ವನಮಹೋತ್ಸವದಂದು ಸಸಿ ನೆಡಿಸುವ ಉಪಾಧ್ಯಾಯರೂ, ಸಸಿಗಳನ್ನು ಕೊಡಿಸುವ ದಾನಿಗಳೂ ಅದರ ತವರು ಯಾವುದು, ಗುಣವೇನು, ಈ ನೆಲಕ್ಕೆ ಹೊಂದುವುದೇ ಎಂದು ಮೊದಲು ವಿಚಾರಿಸುವುದು ಯುಕ್ತ. ಕಡಲತಡಿಯ ವ್ಯಾಟಲ್ ಕೆಟ್ಟ ಗಿಡವಲ್ಲ. ತನ್ನ ತಡಿಯಲ್ಲಿ ಅದು ರಕ್ಷಕ. ಅದನ್ನು ತಡಿ ದಾಟಿಸಿದ್ದು ಮನುಷ್ಯನ ಅವಸರ.